ಸಾಲು ಕೊಡುವವರು

ಚರ್ಚಿನಲ್ಲಿ ‘ಸಾಲು ಕೊಡುವುದು’ ಎಂದರೆ ಏನು ಎಂದು ಈಗ ನಮ್ಮವರಿಗೇ ಬಿಡಿಸಿ ಹೇಳಬೇಕಾಗಿದೆ. ಮುಂದೆ ನಿಂತವರು ಹಾಡಿನ ಒಂದೊಂದು ಸಾಲನ್ನೂ ಮೊದಲು ಬಾಯಲ್ಲಿ ಹೇಳುತ್ತಾರೆ, ಸಭೆ ಅದನ್ನು ರಾಗದಲ್ಲಿ ಹಾಡುತ್ತದೆ, ಆಮೇಲೆ ಮುಂದಿನ ಸಾಲು. ಅಷ್ಟೇ. ಗೀತೆಗಳ ಪುಸ್ತಕವನ್ನು ಕೈಯಲ್ಲಿ ಹಿಡಿದು ಬೆಳೆದವರಿಗೆ ಇದು ಕಿರಿಕಿರಿ. ಒಂದು ಕಾಲದಲ್ಲಿ ನನಗೂ ಕಿರಿಕಿರಿಯಾಗಿತ್ತು. ಅದಕ್ಕಾಗಿ ಈಗ ಪಡುತ್ತಿರುವ ಸಂಕಟವನ್ನು ಬರೆದರೆ ಸ್ವಲ್ಪ ಹಗುರವಾದೀತೆಂದು ಕೂತಿದ್ದೇನೆ. ಆಗುತ್ತದೆ ಎಂಬ ನಂಬಿಕೆಯೇನೂ ಇಲ್ಲ.

ಗುಬ್ಬಿಯ ನಮ್ಮ ಚರ್ಚಿನಲ್ಲಿ ನಾನು ಹುಟ್ಟುವ ಮುಂಚಿನಿಂದ ಸಾಲು ಕೊಡುತ್ತಿದ್ದವರು ಒಬ್ಬರೇ. ಹೋದ ತಿಂಗಳು ಅಮೃತೂರಿನಲ್ಲಿ, ಮಗಳ ಮನೆಯಲ್ಲಿ ತೀರಿಕೊಂಡರು. ನಾನು ಅವರನ್ನು ದೊಡ್ಡಪ್ಪ ಎನ್ನುತ್ತಿದ್ದೆ. ರಕ್ತಸಂಬಂಧವೇನೂ ಇರಲಿಲ್ಲ. ನಮ್ಮಪ್ಪ ಅವರನ್ನು ಅಣ್ಣ ಎನ್ನುತ್ತಿದ್ದರು, ಹಾಗಾಗಿ ನನಗೆ ದೊಡ್ಡಪ್ಪ. ಊರಿನ ಅರ್ಧ ಮಕ್ಕಳಿಗೆ ಅವರು ಹೀಗೇ ಏನೋ ಒಂದು ಆಗಿದ್ದರು.

ಅವರ ಕೆಲಸ ತೆಂಗಿನಕಾಯಿ ಮಂಡಿಯಲ್ಲಿ ಕಾಯಿ ಎಣಿಸುವುದು. ಗಾಡಿಯಿಂದ ಕಾಯಿ ಇಳಿಯುತ್ತಿದ್ದಂತೆ ಎರಡೂ ಕೈಯಲ್ಲಿ ಎತ್ತಿ ಎತ್ತಿ ಹಾಕುತ್ತಾ, ಕೊಟ್ಟವನಿಗೂ ಕೊಂಡವನಿಗೂ ಕೇಳುವಂತೆ ಕೂಗಿ ಎಣಿಸಬೇಕು. ನಮ್ಮ ಕಡೆ ಎಣಿಸುವವರು ‘ಒಂದು’ ಎನ್ನುವುದಿಲ್ಲ, ‘ಲಾಭ’ ಎನ್ನುತ್ತಾರೆ. ಲಾಭ, ಎರಡು, ಮೂರು, ಹೀಗೆ. ಆ ಕೂಗು ಬಸ್‌ಸ್ಟ್ಯಾಂಡಿನವರೆಗೂ ಕೇಳುತ್ತಿತ್ತು. ವಾರದ ಆರು ದಿನ ಮಂಡಿಯಲ್ಲಿ ಕೂಗಿ ಕೂಗಿ ಪಳಗಿದ ಆ ಗಂಟಲೇ ಏಳನೆಯ ದಿನ ಚರ್ಚಿಗೆ ಬರುತ್ತಿತ್ತು.

ಒಂದು ಭಾನುವಾರ ಪುಸ್ತಕದ ಮೊದಲನೆಯ ಗೀತೆಯನ್ನು ಹಾಡಬೇಕಿತ್ತು. ದೊಡ್ಡಪ್ಪ ಎದ್ದು ನಿಂತು, ಎದೆ ಸೆಟೆಸಿ, “ಎಲ್ರೂ ತಗೀರಿ, ಗೀತೆ ನಂಬರ್ ಲಾಭ” ಎಂದುಬಿಟ್ಟರು. ಪಾಸ್ಟರ್ ಅಯ್ಯನವರು ಕೆಮ್ಮುವವರಂತೆ ಬಾಯಿಗೆ ಕರ್ಚೀಫು ಒತ್ತಿಕೊಂಡರು. ಹೆಂಗಸರೆಲ್ಲ ಸೆರಗನ್ನು ಹಣೆಯವರೆಗೆ ಎಳೆದುಕೊಂಡು ನಕ್ಕರು. ದೊಡ್ಡಪ್ಪನಿಗೆ ಮಾತ್ರ ಯಾವ ಸಂಕೋಚವೂ ಇಲ್ಲ. “ಅಯ್ಯೋ, ಮಂಡಿ ಬಾಯಿಗೆ ಬಂದ್ಬುಡ್ತು. ಇರ್ಲಿ, ದೇವ್ರ ಪಾದದಾಗೆ ಲಾಭ ಬುಟ್ರೆ ಇನ್ನೇನಿದ್ದಾತು, ಹಾಡ್ರಪ್ಪ” ಎಂದರು. ಅವತ್ತಿನಿಂದ ಅದು ಗುಬ್ಬಿಯವರಿಗೆ ಲಾಭದ ಹಾಡೇ ಆಗಿಹೋಯಿತು.

ಸಾಲು ಕೊಡುವಾಗ ಅವರು ಮುಂದಿನ ಬೆಂಚುಗಳನ್ನು ನೋಡುತ್ತಲೇ ಇರಲಿಲ್ಲ. ಅಲ್ಲಿ ಕೂರುತ್ತಿದ್ದವರು ಮೇಷ್ಟರುಗಳು, ನರ್ಸಮ್ಮಂದಿರು, ತಾಲ್ಲೂಕಾಫೀಸಿನವರು. ಹಿಂದೆ ಬಾಗಿಲ ಹತ್ತಿರ ಜಮಖಾನ ಹಾಸಿರುತ್ತಿತ್ತು. ಅದರ ಮೇಲೆ ಕೂರುತ್ತಿದ್ದವರು ಹುಣಸೆಹಣ್ಣು ಬಿಡಿಸುವವರು, ನಾರಿನ ಕೆಲಸದವರು, ಸುತ್ತಲ ಹಳ್ಳಿಗಳಿಂದ ನಡೆದು ಬರುತ್ತಿದ್ದ ಹೆಂಗಸರು. ದೊಡ್ಡಪ್ಪನ ಕಣ್ಣೆಲ್ಲ ಆ ಕಡೆಗೇ. ಆರಾಧನೆ ಮುಗಿದು ಚಪ್ಪಲಿ ಹುಡುಕುವ ಹೊತ್ತಿನಲ್ಲಿ ಎಲ್ಲರನ್ನೂ ಒಂದೇ ಪ್ರಶ್ನೆ ಕೇಳುತ್ತಿದ್ದರು: “ಹಿಂದಿನ ಸಾಲ್ಗೆ ಸಾಲು ಸಿಕ್ತಾ?” ನಾವು ಹುಡುಗಿಯರು ಅವರ ಹಾಗೇ ಕುತ್ತಿಗೆ ಓರೆ ಮಾಡಿಕೊಂಡು ಇದನ್ನೇ ಒಬ್ಬರನ್ನೊಬ್ಬರು ಕೇಳಿ ನಗುತ್ತಿದ್ದೆವು. ನೋಡಿದರೆ ಅವರೂ ನಗುತ್ತಿದ್ದರು.

ನನ್ನನ್ನು ಮುಂದೆ ನಿಲ್ಲಿಸಿದವರೂ ಅವರೇ. ಆಗ ನನಗೆ ಹತ್ತೊಂಬತ್ತು ವರ್ಷ. ಒಂದು ಭಾನುವಾರ ಬಾಗಿಲಲ್ಲೇ ಹಿಡಿದು, “ಇವತ್ತು ನೀನು ಎತ್ಕೊಡು” ಎಂದರು. ಸಭೆಯ ಹಿರಿಯರೊಬ್ಬರು ಸಿಡುಕಿದರು. “ಹೆಣ್ಮಕ್ಳು ಮುಂದೆ ನಿಂತು ಸಾಲು ಕೊಡೋದಾ? ಇದ್ಯಾವ ಪದ್ಧತಿ?” ದೊಡ್ಡಪ್ಪ ತಕ್ಷಣ ಕುತ್ತಿಗೆ ಹಿಡಿದುಕೊಂಡು ಒಡೆದ ದನಿ ಮಾಡಿಕೊಂಡರು. “ಏನ್ಮಾಡ್ಲಿ ಸ್ವಾಮಿ, ಗಂಟ್ಲು ಕಟ್ಬುಟೈತೆ. ಇದೊಂದಿನ ಮಗು ಎತ್ಕೊಡ್ಲಿ ಬುಡಿ.” ಆ ಗಂಟಲು ಮೂರು ಭಾನುವಾರ ಕಟ್ಟಿತ್ತು. ಸೋಮವಾರ ಬೆಳಿಗ್ಗೆ ಮಂಡಿಯಲ್ಲಿ ಲಾಭ, ಎರಡು ಎಂದು ಊರಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದ ಗಂಟಲು ಭಾನುವಾರಕ್ಕೆ ಸರಿಯಾಗಿ ಕಟ್ಟುತ್ತಿತ್ತು. ನಾಲ್ಕನೆಯ ವಾರ ಆ ಹಿರಿಯರೇ ಕನಿಕರಪಟ್ಟು ಕಷಾಯದ ಪುಡಿಯ ಪೊಟ್ಟಣ ತಂದುಕೊಟ್ಟರು. ದೊಡ್ಡಪ್ಪ ಎರಡೂ ಕೈ ಚಾಚಿ ತೆಗೆದುಕೊಂಡರು. ಅಷ್ಟು ಹೊತ್ತಿಗೆ ನಾನು ಮುಂದೆ ನಿಲ್ಲುವುದು ಜನಕ್ಕೆ ಅಭ್ಯಾಸವಾಗಿತ್ತು.

“ಬೆಂಚಿನೋರ್ನ ನೋಡ್ಬ್ಯಾಡ. ಅವ್ರತ್ರ ಪುಸ್ತಕ ಐತೆ,” ಎಂದು ಹೇಳಿಕೊಟ್ಟಿದ್ದರು. “ಜಮಖಾನದ ಮ್ಯಾಲೆ ಕುಂತವ್ರಲ್ಲ, ಅವ್ರ ಬಾಯಿ ನೋಡು. ಬಾಯಿ ಆಡುದ್ರೆ ಸಾಲು ಹೋಗಿ ಸೇರ್ತು ಅಂತ. ಆಡ್ನಿಲ್ವಾ, ಇನ್ನೊಂದ್ಸಲಿ ಕೊಡು. ಏನ್ ಗಂಟು ಹೋಯ್ತದೆ?”

ಅವರು ಇದನ್ನು ಕಲಿತದ್ದು ತಾಯಿಯಿಂದ. ಆ ತಾಯಿ ಹಳ್ಳಿಯ ಪ್ರಾರ್ಥನಾ ಮನೆಯಲ್ಲಿ ಸಾಲು ಕೊಡುತ್ತಿದ್ದರಂತೆ. “ನಮ್ಮವ್ವಂಗೆ ಅಕ್ಷರ ಬರ್ತಿರ್ಲಿಲ್ಲ ಕಣವ್ವ. ಶನಿವಾರ ನಾನು ಓದಿ ಹೇಳ್ತಿದ್ದೆ. ಮುದ್ದೆ ತೊಳಸ್ತಾ ತೊಳಸ್ತಾ ಬಾಯ್ಪಾಠ ಮಾಡ್ಕಂಬುಡೋಳು. ಭಾನ್ವಾರ ಸಭೆಗೆ ಕೊಡೋಳು.” ಇದನ್ನು ಅವರು ನನಗೆ ಒಂದಲ್ಲ, ನಾಲ್ಕಾರು ಸಲ ಹೇಳಿದ್ದಾರೆ. ಪ್ರತಿ ಸಲವೂ ನಾನು ಹೂಂಗುಟ್ಟಿದ್ದೇನೆ. ಕಿವಿಗೆ ಬಿದ್ದಿತ್ತು, ಅಷ್ಟೇ.

ಆಮೇಲೆ ತುಮಕೂರಿನಲ್ಲಿ ಟೈಪಿಸ್ಟ್ ಕೆಲಸ ಸಿಕ್ಕಿತು. ಶಿರಾ ಗೇಟಿನ ಹತ್ತಿರ ಆಫೀಸು. ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು, ಶನಿವಾರ ಸಂಜೆ ಬಸ್ಸಿನಲ್ಲಿ ಗುಬ್ಬಿಗೆ ಬರುತ್ತಿದ್ದೆ. ವಾರದ ದಿನಗಳಲ್ಲಿ ಸಂಜೆ ತುಮಕೂರಿನ ಕ್ವಾಯರ್ ಮಾಸ್ಟರೊಬ್ಬರ ಹತ್ತಿರ ಪಾಠಕ್ಕೆ ಸೇರಿದೆ. ಶ್ರುತಿ ಹಿಡಿಯುವುದು, ತಾಳ ಎಣಿಸುವುದು, ಹಾರ್ಮೋನಿಯಂ ನುಡಿಸುವುದು ಎಲ್ಲವನ್ನೂ ಕಲಿತೆ. ಜೊತೆಗೆ ಸ್ವಲ್ಪ ಜಂಬವನ್ನೂ ಕಲಿತೆ. ಆ ಪಾಠಕ್ಕೆ ಮಾಸ್ಟರ್ ಬೇಕಾಗಲಿಲ್ಲ. ಗುಬ್ಬಿಯಲ್ಲಿ ಓದು ಬಲ್ಲ ಹತ್ತು ಹನ್ನೆರಡು ಜನರನ್ನು ಕಟ್ಟಿಕೊಂಡು ಒಂದು ಕ್ವಾಯರ್ ಮಾಡಿದೆ. ಎಂಟೇ ತಿಂಗಳಿಗೆ ಅವರು ಎಷ್ಟು ಚೆನ್ನಾಗಿ ಹಾಡುತ್ತಿದ್ದರೆಂದರೆ ದಾರಿಯಲ್ಲಿ ಹೋಗುವವರು ಸೈಕಲ್ ನಿಲ್ಲಿಸಿ ಕೇಳುತ್ತಿದ್ದರು.

ತೊಂದರೆ ಒಂದೇ. ದೊಡ್ಡಪ್ಪ ಸಾಲು ಕೊಡುವಾಗ ತಾಳ ನಿಲ್ಲುತ್ತಿತ್ತು. ನಾವು ಏರಿಸಿಕೊಂಡು ಹೋದ ಹಾಡು ಪ್ರತಿ ಸಾಲಿಗೂ ಬ್ರೇಕ್ ಹಾಕಿದ ಬಸ್ಸಿನಂತೆ ಮುಗ್ಗರಿಸಿ ನಿಲ್ಲುತ್ತಿತ್ತು. ಆ ವರ್ಷ ಚರ್ಚಿನ ಸುಗ್ಗಿ ಹಬ್ಬಕ್ಕೆ ಬೆಂಗಳೂರಿನಿಂದ ದೊಡ್ಡ ಅಯ್ಯನವರೊಬ್ಬರು ಬರುವುದು ಗೊತ್ತಾಯಿತು. ಶನಿವಾರ ಪ್ರಾಕ್ಟೀಸ್ ಮುಗಿದ ಮೇಲೆ ನಾನೇ ಹೋಗಿ ಹೇಳಿದೆ.

“ದೊಡ್ಡಪ್ಪ, ನಾಳೆ ಸಾಲು ಬೇಡ. ತಾಳ ಮುರಿಯುತ್ತೆ.”

“ಯಾವ ಹಾಡ್ಗವ್ವ?”

“ಎಲ್ಲಕ್ಕೂ. ಶೀಟ್ ಟೈಪ್ ಮಾಡಿ ತಂದಿದೀನಿ, ಎಲ್ರಿಗೂ ಹಂಚ್ತೀವಿ.”

ಅವರು ಶೀಟನ್ನು ತೆಗೆದುಕೊಂಡು ದೂರ ಹಿಡಿದು ಓದಿದರು. “ಅಕ್ಷರ ಚೆನ್ನಾಗವೆ,” ಎಂದರು. ಆಮೇಲೆ, “ಆಗ್ಲಿ ಬುಡು,” ಎಂದರು.

ಆದರೆ ಮೂವತ್ತು ವರ್ಷದ ಅಭ್ಯಾಸ. ಮರುದಿನ ಎರಡನೆಯ ಹಾಡಿನಲ್ಲಿ, ಒಂದು ಚರಣ ಮುಗಿದು ಇನ್ನೊಂದಕ್ಕೆ ನಾನು ಉಸಿರು ಎಳೆದುಕೊಳ್ಳುವಷ್ಟರಲ್ಲಿ, ಪಕ್ಕದ ಕುರ್ಚಿಯಿಂದ ಅವರ ದನಿ ಎದ್ದಿತು. “ಎಷ್ಟು ದೂರ...” ಅಷ್ಟರಲ್ಲಿ ನಾನು ಹಾರ್ಮೋನಿಯಂ ಮೇಲಿದ್ದ ಕೈಯನ್ನು ಎತ್ತಿ, ಪೊಲೀಸಿನವರು ಗಾಡಿ ನಿಲ್ಲಿಸುವ ಹಾಗೆ, ಅವರ ಮುಖಕ್ಕೆ ಅಡ್ಡ ಹಿಡಿದೆ. ಇಡೀ ಸಭೆ ನೋಡಿತು. ಅವರು ಬಾಯಿ ಮುಚ್ಚಿಕೊಂಡರು. ನಾವು ಮುಂದಿನ ಚರಣವನ್ನು ತಾಳ ತಪ್ಪದೆ ಹಾಡಿದೆವು.

ದೊಡ್ಡ ಅಯ್ಯನವರು ಬೈಬಲ್ ಓದಿ ಮಾಡಿದ ಪ್ರಸಂಗದಲ್ಲಿ, ಗುಬ್ಬಿಯ ಸಭೆ ಬೆಂಗಳೂರಿನ ಸಭೆಯ ಹಾಗೆ ಹಾಡುತ್ತದೆ ಎಂದು ಹೊಗಳಿದರು. ನಾನು ನೆಲದಿಂದ ಒಂದಡಿ ಮೇಲಿದ್ದೆ. ಹಾರ್ಮೋನಿಯಂ ಪ್ರತಿ ವಾರ ತುಮಕೂರಿನಿಂದ ಎರವಲು ತರುತ್ತಿದ್ದದ್ದು. ಸಂಜೆ ಅದನ್ನು ಹೆಗಲ ಮೇಲೆ ಹೊತ್ತು ಬಸ್‌ಸ್ಟ್ಯಾಂಡಿಗೆ ತಂದುಕೊಟ್ಟವರು ದೊಡ್ಡಪ್ಪನೇ. “ಚೆನ್ನಾಗಾಯ್ತು ಕಣವ್ವ,” ಎಂದರು. ಹೊಗಳಿಕೆ ಎಂದುಕೊಂಡು ಅದನ್ನೂ ಸೇರಿಸಿಕೊಂಡೆ.

ಮುಂದಿನ ವಾರದಿಂದ ಅವರು ಮುಂದಿನ ಕುರ್ಚಿಗೆ ಬರಲಿಲ್ಲ. ಹಿಂದೆ ಜಮಖಾನದ ಅಂಚಿನಲ್ಲಿ, ಗೋಡೆಗೆ ಒರಗಿ ಕೂರತೊಡಗಿದರು. ವಯಸ್ಸಾದವರ ಮುನಿಸು, ನಾಲ್ಕು ದಿನ ಇದ್ದು ಹೋಗುತ್ತದೆ ಎಂದು ನಾನು ಕ್ವಾಯರಿನವರಿಗೆ ಹೇಳಿದೆ. ಒಂದೆರಡು ತಿಂಗಳಾದ ಮೇಲೆ ಅವರು ಹಾಡುಗಳ ಹೊತ್ತಿಗೆ ಒಳಗೇ ಇರುತ್ತಿರಲಿಲ್ಲ. ಹಾಡೆಲ್ಲ ಮುಗಿದು ಪ್ರಸಂಗ ಶುರುವಾಗುವ ಹೊತ್ತಿಗೆ ಬಂದು ಕೂರುತ್ತಿದ್ದರು. ಮುನಿಸು ಬೆಳೆಯಿತು ಎಂದುಕೊಂಡೆ. ಆಮೇಲೆ ಮಂಡಿ ಕೆಲಸ ಬಿಟ್ಟು, ಕುಣಿಗಲ್ ತಾಲ್ಲೂಕಿನ ಅಮೃತೂರಿಗೆ, ಮಗಳ ಮನೆಗೆ ಹೊರಟರು. ಸಭೆಯಿಂದ ಶಾಲು ಹೊದಿಸಿದೆವು. ನಾನೇ ಎದ್ದು, ನಮಗೆಲ್ಲ ದಾರಿ ತೋರಿಸಿದವರು ಎಂದು ಐದು ನಿಮಿಷ ಮಾತಾಡಿದೆ. ಅವರು ಶಾಲನ್ನು ನೀಟಾಗಿ ಮಡಿಸಿ ಕಂಕುಳಲ್ಲಿ ಇಟ್ಟುಕೊಂಡು ಕೇಳುತ್ತಿದ್ದರು.

ಇದಾಗಿ ನಾಲ್ಕು ವರ್ಷ ಕಳೆಯಿತು. ಎಂಬತ್ತರ ದಶಕ ಬಂತು, ಚರ್ಚಿಗೆ ಮೈಕು ಬಂತು. ಆದರೆ ಜಮಖಾನದ ಹೆಂಗಸರು ತಡವಾಗಿ ಬರುವುದು ಮಾತ್ರ ಹೆಚ್ಚುತ್ತಲೇ ಹೋಯಿತು. ನಾನು ಹಾಡಿಸುವಾಗ ಜಮಖಾನ ಖಾಲಿ, ಪ್ರಸಂಗದ ಹೊತ್ತಿಗೆ ಭರ್ತಿ. ಶಿಸ್ತಿಲ್ಲ ಎಂದು ಕಮಿಟಿಯಲ್ಲಿ ದೂರು ಹೇಳಿದೆ. ‘ಆರಾಧನೆಗೆ ಸರಿಯಾದ ಸಮಯಕ್ಕೆ ಬರತಕ್ಕದ್ದು’ ಎಂದು ಟೈಪ್ ಮಾಡಿ ಬಾಗಿಲಿಗೆ ಅಂಟಿಸಿದೆ. ಓದಲು ಬಾರದವರಿಗೇ ನೋಟಿಸ್ ಅಂಟಿಸಿದ್ದೇನೆ ಎನ್ನುವುದೂ ನನಗೆ ಹೊಳೆಯಲಿಲ್ಲ ನೋಡಿ.

ನೋಟಿಸಿನಿಂದ ಏನೂ ಆಗಲಿಲ್ಲವಾದ್ದರಿಂದ ಖುದ್ದಾಗಿ ಹೋಗಿ ಕೇಳಿದೆ. ರಾಹೇಲಮ್ಮ ಎಂದು ಒಬ್ಬರಿದ್ದರು, ಆ ಹೆಂಗಸರಿಗೆಲ್ಲ ಹಿರಿಯರು. ಮನೆಯ ಮುಂದೆ ಕೂತು ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದರು.

“ಯಾಕಮ್ಮ ನೀವೆಲ್ಲ ಹಾಡಿನ ಹೊತ್ತಿಗೆ ಬರಲ್ಲ?”

ಅವರು ಕುಟ್ಟುವುದನ್ನು ನಿಲ್ಲಿಸಲಿಲ್ಲ. “ಬಂದು ಏನ್ಮಾಡಾನವ್ವ? ನೀವ್ ಹಾಡಾದ ನಿಂತ್ಕಂಡು ನೋಡಾನಾ? ಪ್ರಸಂಗ ಆದ್ರೆ ಕಿವಿ ಇದ್ರೆ ಸಾಕು. ನಿಮ್ ಹಾಡ್ಗೆ ಕಣ್ಣು ಬೇಕು. ನಮ್ಗೆ ಅಕ್ಷರದ ಕಣ್ಣು ಎಲ್ಲೈತೆ?” ಬೀಜಗಳನ್ನು ಪಕ್ಕಕ್ಕೆ ಸರಿಸಿ ಮತ್ತೆ ಅಂದರು, “ಅವ್ರಿದ್ದಾಗ ಸಾಲು ಕೊಡೋರು. ನಮ್ಮ ಬಾಯ್ನಾಗೂ ಒಂದೀಟು ದೇವ್ರ ಹೆಸ್ರು ಆಡೋದು.”

ಎಂಟು ತಿಂಗಳು ಬೆವರು ಸುರಿಸಿ ನಾನು ಸಭೆಗೆ ಹಾಡಲು ಕಲಿಸಿದೆ ಎಂದುಕೊಂಡಿದ್ದೆ. ಅರ್ಧ ಸಭೆಯ ಬಾಯಿ ಮುಚ್ಚಿಸಿದ್ದೆ. ಅದಕ್ಕೂ ಹೆಚ್ಚಾಗಿ ಕಣ್ಣ ಮುಂದೆ ಬಂದದ್ದು ಆ ಮುದುಕರ ಮುಖಕ್ಕೆ ಅಡ್ಡ ಹಿಡಿದ ನನ್ನ ಕೈ. ಅವತ್ತಿನವರೆಗೆ ಅದು ತಪ್ಪು ಎಂದೇ ನನಗೆ ಅನಿಸಿರಲಿಲ್ಲ.

ಮುಂದಿನ ಶನಿವಾರ ಆಫೀಸಿಗೆ ರಜೆ ಹಾಕಿ ಹೊರಟೆ. ತುಮಕೂರಿನಿಂದ ಕುಣಿಗಲ್, ಅಲ್ಲಿಂದ ಪ್ರೈವೇಟ್ ಬಸ್ಸಿನಲ್ಲಿ ಅಮೃತೂರು. ದೊಡ್ಡಪ್ಪ ಮಗಳ ಮನೆಯ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಾ ಕೂತಿದ್ದರು. ನನ್ನನ್ನು ನೋಡಿ, “ಏನ್ಲೇ, ದಾರಿ ತಪ್ಪಿ ಬಂದ್ಯಾ?” ಎಂದು ಎದ್ದರು. ಊಟಕ್ಕೆ ಕೂರಿಸಿದರು. ಮುದ್ದೆ ಮುರಿಯುವ ಮೊದಲೇ ನಾನು ಅಳುತ್ತಾ ಹೇಳಿಬಿಟ್ಟೆ: ಅವತ್ತು ಕೈ ಅಡ್ಡ ಹಿಡಿದೆನಲ್ಲ ದೊಡ್ಡಪ್ಪ, ಕ್ಷಮಿಸಿಬಿಡಿ.

“ಯಾವ ಕೈಯವ್ವ? ನಂಗೆ ಗ್ಯಾಪ್ಕನೇ ಇಲ್ಲ,” ಎಂದರು. ಸುಳ್ಳು. ಮಂಡಿಯಲ್ಲಿ ಯಾವ ಗಾಡಿಯಲ್ಲಿ ಎಷ್ಟು ಕಾಯಿ ಎಂಬುದನ್ನು ವರ್ಷಗಟ್ಟಲೆ ನೆನಪಿಟ್ಟುಕೊಂಡ ಮನುಷ್ಯ. “ಮೊದ್ಲು ಉಣ್ಣು. ಸಾರು ಆರೋಗ್ತೈತೆ.”

ಊಟವಾದ ಮೇಲೆ, ಮತ್ತೆ ಸಾಲು ಕೊಡುವುದನ್ನು ಶುರುಮಾಡುತ್ತೇನೆ, ಒಂದೇ ಒಂದು ಭಾನುವಾರ ಗುಬ್ಬಿಗೆ ಬಂದು ಮುಂದೆ ನಿಲ್ಲಿ ಎಂದು ಕೇಳಿದೆ. “ನಂಗೆ ಮಂಡಿ ಗಂಟ್ಲೂ ಇಲ್ಲ, ಮಂಡಿ ಕಾಲೂ ಇಲ್ಲ. ನೀನೇ ಕೊಡು. ಎಲ್ಲಿ, ಒಂದು ಸಾಲು ಕೊಡು ನೋಡಾನ.”

ಕೊಟ್ಟೆ. ಅವರು ತಲೆಯಾಡಿಸಿದರು. “ಓದ್ತಿದೀಯ ಕಣೇ. ಓದ್ಬ್ಯಾಡ, ಕೊಡು. ನೋಡು, ನೀನು ಬಸ್ನಾಗೆ ಕುಂತಿದೀಯ, ಬಸ್ಸು ಹೊಂಟೈತೆ. ಕೆಳಗೆ ಮಗಳು ನಿಂತವ್ಳೆ. ಕಿಟ್ಕಿಯಿಂದ ಏನೋ ಒಂದು ಮುಖ್ಯವಾದ್ದು ಹೇಳ್ಬೇಕು. ಹೆಂಗ್ ಹೇಳ್ತೀಯ? ಹಂಗೆ.”

ಮಧ್ಯಾಹ್ನವೆಲ್ಲ ಹೀಗೇ ಕಳೆಯಿತು. ನಾನು ಕೊಡುವುದು, ಅವರು ಬೇಡ ಎನ್ನುವುದು. ಪಕ್ಕದ ಮನೆಯ ಗೌಡರ ಅಜ್ಜಿ, ಚರ್ಚಿನ ಗಾಳಿಯೂ ಸೋಕದವರು, ಗೋಡೆಯ ಆಚೆ ನಿಂತು ನೋಡುತ್ತಿದ್ದವರು, ಎಷ್ಟನೆಯದೋ ಸಾಲಿಗೆ ತಮಗೇ ಗೊತ್ತಿಲ್ಲದ ಹಾಗೆ ದನಿ ಸೇರಿಸಿ, ನಾಚಿಕೊಂಡು ಒಳಗೆ ಓಡಿಹೋದರು. ದೊಡ್ಡಪ್ಪ ತೊಡೆ ತಟ್ಟಿಕೊಂಡು ನಕ್ಕರು. “ನೋಡ್ದಾ? ಸೇರ್ತು.”

ಹೊರಡುವಾಗ ಕೇಳಿದೆ, “ನನ್ನಿಂದ ಇನ್ನೇನಾದ್ರೂ ನೋವಾಗಿದೆಯಾ ದೊಡ್ಡಪ್ಪ?”

“ಏನೂ ಇಲ್ಲ ಬುಡವ್ವ. ನಡಿ, ಬಸ್ಸಿನ ಹೊತ್ತಾಯ್ತು.”

ಹಗುರವಾಗಿ ಬಂದೆ. ಆ ಭಾನುವಾರದಿಂದ ಸಾಲು ಕೊಡುತ್ತಿದ್ದೇನೆ. ಮೊದಮೊದಲು ಜಮಖಾನದಲ್ಲಿ ಇಬ್ಬರು, ಆಮೇಲೆ ಆರು ಜನ, ಈಗ ಜಾಗ ಸಾಲುವುದಿಲ್ಲ. ತಾಳ ಮುರಿಯುತ್ತದೆ, ಮುರಿಯಲಿ. ನಮ್ಮ ಕ್ವಾಯರಿಗೆ ಈಗ ಗಿಟಾರ್ ನುಡಿಸುವ ಕಾಲೇಜು ಹುಡುಗಿಯೊಬ್ಬಳು ಸೇರಿದ್ದಾಳೆ, ಬಲು ಚುರುಕು. “ಆಂಟಿ, ಈ ಸಾಲು ಕೊಡೋದು ಬೋರು, ಫ್ಲೋ ಹೋಗುತ್ತೆ” ಎಂದು ಮೂಗು ಮುರಿಯುತ್ತಾಳೆ. ಅವಳಿಗೆ ಬೈಯುವ ಯೋಗ್ಯತೆ ನನಗಿಲ್ಲ. ಒಂದು ತಿಂಗಳು ಗಿಟಾರ್ ಇಟ್ಟು ಜಮಖಾನದ ಮೇಲೆ ಕೂತು ಹಾಡು ಎಂದಿದ್ದೇನೆ. ಇನ್ನೂ ಒಪ್ಪಿಲ್ಲ, ಇಲ್ಲ ಎಂದೂ ಹೇಳಿಲ್ಲ.

ಹೋದ ತಿಂಗಳು ಸುದ್ದಿ ಬಂದಾಗ ಗುಬ್ಬಿಯಿಂದ ಹತ್ತು ಹನ್ನೆರಡು ಜನ ಅಮೃತೂರಿಗೆ ಹೋಗಿ ಮಣ್ಣು ಮಾಡಿ ಬಂದೆವು. ಸಮಾಧಿಯ ಹತ್ತಿರ ನಾನೇ ಸಾಲು ಕೊಟ್ಟೆ. ದುಃಖವಿತ್ತು, ಆದರೆ ಅವರ ಹತ್ತಿರ ನನ್ನ ಲೆಕ್ಕ ತೀರಿಸಿಕೊಂಡಿದ್ದೇನೆ ಎಂಬ ಸಮಾಧಾನವೂ ಇತ್ತು. ಅದು ಎಂಟು ದಿನ ಉಳಿಯಿತು. ಮುಂದಿನ ಭಾನುವಾರ ಆರಾಧನೆ ಮುಗಿದ ಮೇಲೆ ರಾಹೇಲಮ್ಮ ಕೈ ಹಿಡಿದು ಪಕ್ಕಕ್ಕೆ ಕರೆದರು.

“ಅವ್ರು ಇರಗಂಟ ಹೇಳ್ಬ್ಯಾಡ ಅಂತ ಆಣೆ ಹಾಕಿಸ್ಕಂಡಿದ್ರು. ಈಗ ಹೇಳ್ತೀನಿ ಕಣವ್ವ. ಮುಂದ್ಲ ಕುರ್ಚಿ ಬುಟ್ಟು ಹಿಂದೆ ಬಂದು ಕುಂತ್ರಲ್ಲ, ಅದು ಮುನಿಸ್ಕಂಡಲ್ಲ. ನಮ್ಗೆ ಮೆಲ್ಲಗೆ ಸಾಲು ಹೇಳ್ಕೊಡೋರು. ನಮ್ಮ ಕಿವಿಗೆ ಬೀಳಂಗೆ, ಅಷ್ಟೇಯ. ನಾವೂ ಮೆಲ್ಲಗೆ ಹಾಡ್ಕಳೋವು. ಒಂದಾರೇಳು ವಾರ ಹಂಗೇ ನಡೀತು. ಆಮ್ಯಾಕೆ ಒಂದಿನ ನೀವು ಹಾರ್ಮೋನಿ ಪೆಟ್ಟಿಗೆ ನಿಲ್ಸಿ ಹೇಳುದ್ರಲ್ಲ.”

“ಏನು ಹೇಳ್ದೆ?”

“‘ಹಿಂದೆ ಕೂತು ಪಿಸಿಪಿಸಿ ಮಾತಾಡೋರು ಆಚೆ ಹೋಗಿ ಮಾತಾಡ್ಕೊಳ್ಳಿ, ಹಾಡೋರಿಗೆ ತೊಂದ್ರೆ’ ಅಂತ.”

ಹೇಳಿದ್ದೆ. ಹೌದು, ಹೇಳಿದ್ದೆ. ಹಾರ್ಮೋನಿಯಂನಿಂದ ತಲೆಯನ್ನೂ ಎತ್ತದೆ ಹೇಳಿದ್ದೆ. ಯಾರಿಗೆ ಹೇಳುತ್ತಿದ್ದೇನೆ ಎಂದು ನೋಡಿರಲಿಲ್ಲ.

“ಅವರೇನಂದ್ರು?”

“ಏನಂತಾರೆ? ನಮ್ಗೆ ಬೈಗುಳ ತಾಕ್ಬಾರ್ದು ಅಂತ ಅವ್ರೇ ಎದ್ದು ಆಚೆ ಹೋದ್ರು. ಅವತ್ತಿಂದ ಪ್ರಸಂಗದ ಹೊತ್ಗೇ ಬರೋರು. ‘ಒಳಗಿದ್ರೆ ನನ್ ಬಾಯಿ ಸುಮ್ಕಿರಾಕಿಲ್ಲ ರಾಹೇಲಿ, ಆ ಮಗೀಗೆ ತೊಂದ್ರೆ ಆಯ್ತದೆ’ ಅಂದ್ರು.”

ಹೋದ ಭಾನುವಾರ ಹಾಡು ಶುರುಮಾಡುವ ಮೊದಲು ನಾನು ಸಭೆಯ ಮುಂದೆ ನಿಂತು ಇದನ್ನೆಲ್ಲ ಹೇಳಿದೆ. ಎಲ್ಲರ ಎದುರಿಗೆ ಬೈದಿದ್ದೆ, ಹಾಗಾಗಿ ಎಲ್ಲರ ಎದುರಿಗೇ ಹೇಳಬೇಕಿತ್ತು. ಬೆಂಚಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಾಗೊಂದು ದಿನ ನಡೆದದ್ದು ಅವರಲ್ಲಿ ಒಬ್ಬರಿಗೂ ನೆನಪಿರಲಿಲ್ಲ. ಜಮಖಾನದ ಮೇಲೆ ಕೂತಿದ್ದ ಹೆಂಗಸರು ಮಾತ್ರ ತಲೆ ತಗ್ಗಿಸಿ ನೆಲ ನೋಡುತ್ತಿದ್ದರು. ಅವರಿಗೆಲ್ಲ ಗೊತ್ತಿತ್ತು. ಗೊತ್ತಿದ್ದೂ ಇಷ್ಟು ವರ್ಷ ನಾನು ಕೊಟ್ಟ ಸಾಲನ್ನು ತೆಗೆದುಕೊಂಡು ಹಾಡಿದ್ದರು. ಈ ಮಾತು ಕೇಳಿಸಬೇಕಾಗಿದ್ದವರಿಗೆ ಮಾತ್ರ ಇನ್ನು ಕೇಳಿಸುವುದಿಲ್ಲ.